ಕರಿ ಬಾಣಲೆ

ಬೆಳಿಗ್ಗೆಯಿಂದ ಸೌಟಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸೊಪ್ಪು ಸೋಸುತ್ತ ಕೂತವಳು ಎದ್ದು ಕಿಟಕಿಗೆ ಹೋದಳು, ಕಿಟಕಿಯಿಂದ ಒಲೆಗೆ ಬಂದಳು, ಒಲೆ ಇನ್ನೂ ಹಚ್ಚಿಯೇ ಇಲ್ಲವೆಂಬುದು ಅಲ್ಲಿ ನಿಂತ ಮೇಲೆ ನೆನಪಾಗಿ ತನ್ನಷ್ಟಕ್ಕೆ ನಕ್ಕಳು. ಕೊಡೆ ಕಾರ್ಖಾನೆಯ ಅರವತ್ತು ಹೆಂಗಸರಿಗೆ ಮಧ್ಯಾಹ್ನದ ಊಟ ಬೇಯಿಸಿ ಹಾಕುವವಳು ಅವಳು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬಾಯಿ ಇದ್ದವರಿಗೆಲ್ಲ ಅವಳು ಸೌಟಕ್ಕ. ನರ್ಸಮ್ಮ ಬರುವುದು ಮಧ್ಯಾಹ್ನ ಎರಡಕ್ಕೆ ಎಂದು ಸೂಚನಾ ಫಲಕದ ಮೇಲೆ ದಪ್ಪಗೆ ಬರೆದಿದ್ದರು. ಅದನ್ನು ನಿನ್ನೆ ಮೂರು ಸಲ, ಇವತ್ತು ಎರಡು ಸಲ ಓದಿಯಾಗಿತ್ತು. ಆದರೂ ಎಂಟೂವರೆಯಿಂದಲೇ ಅವಳ ಕಣ್ಣು ಗೇಟಿನ ಕಡೆ. ಎದೆಯೊಳಗೆ ಯಾರೋ ಕುಣಿಯುತ್ತಿರುವಂತೆ ಡವಡವ, ಕಿವಿಯಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು. ಮದುವೆಯ ಹಿಂದಿನ ದಿನವೂ ತನಗೆ ಇಷ್ಟು ಸಡಗರವಾಗಿರಲಿಲ್ಲವಲ್ಲ ಎಂದುಕೊಂಡಳು; ಆ ಮದುವೆ ಆಮೇಲೆ ಏನಾಯಿತೆಂಬುದನ್ನು ನೆನೆದು, ಸಡಗರ ಇಲ್ಲದಿದ್ದದ್ದೇ ಸರಿ ಎಂದೂ ಅಂದುಕೊಂಡಳು.

ಹನ್ನೊಂದು. ಅವಳಿಗೆ ಬೇಕಾಗಿದ್ದದ್ದು ಆ ಒಂದು ಅಂಕಿ. ತಂಗಿಯ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನರ್ಸಮ್ಮ ತನ್ನ ಕೈಯಗಲದ ಯಂತ್ರಕ್ಕೆ ಕುಡಿಸಿದಾಗ ಅದರ ಗಾಜಿನ ಮೇಲೆ ರಕ್ತದ ಮಟ್ಟ ಹನ್ನೊಂದು ಎಂದು ಮೂಡಬೇಕು, ಮೇಲೆ ಚೂರು ಪಾರು ಬಂದರೆ ಬೇಡವೆನ್ನುವುದಿಲ್ಲ. ಹನ್ನೊಂದು ಬಂದರೆ ತಂಗಿ ವಾಪಸು ಹೊಲಿಗೆ ಯಂತ್ರಕ್ಕೆ. ಬಾರದಿದ್ದರೆ ಮತ್ತೆ ಆ ಮಡಿಸುವ ಬೆಂಚು, ನಿನ್ನೆ ಮೊನ್ನೆ ಸೇರಿದ ಹುಡುಗಿಯರ ನಡುವೆ ಕೂತು ಸಿದ್ಧವಾದ ಕೊಡೆಗಳನ್ನು ಮಡಿಸಿ ಗುಂಡಿ ಹಾಕುವ ಕೆಲಸ, ಬೇರೆಯವರು ಹೊಲಿದ ಕೊಡೆಗಳನ್ನು. ಏನು ಕೈ ಅದು, ಪುಟ್ಟಿಯ ಕೈ! ಕೊಡೆಯ ಬಟ್ಟೆಗೆ ಎಂಟು ಮೂಲೆ, ಎಂಟು ತ್ರಿಕೋನದ ತುಂಡು. ಅವನ್ನು ಉದ್ದಕ್ಕೆ ಹೊಲಿಯುವುದು ಯಾರಿಗೂ ಬಂದೀತು. ಎಂಟರ ತುದಿಗಳೂ ನಡುವೆ ಒಂದೇ ಬಿಂದುವಿಗೆ ಬಂದು ಸೇರುವಂತೆ, ಒಂದು ಹನಿ ನೀರು ಇಳಿಯದಂತೆ ಕೂಡಿಸುವುದು ಮಾತ್ರ ನಾಲ್ಕೇ ನಾಲ್ಕು ಜನಕ್ಕೆ ಬರುತ್ತಿತ್ತು, ಅವರಲ್ಲಿ ಪುಟ್ಟಿ ಮೊದಲನೆಯವಳು. ಹೋದ ವರ್ಷ ಒಂದು ಬೆಳಿಗ್ಗೆ, ಹನ್ನೊಂದು ಗಂಟೆ ಇರಬಹುದು, ಆ ತುದಿ ಕೂಡಿಸುತ್ತಿದ್ದಂತೆಯೇ ಅವಳಿಗೆ ಕಣ್ಣು ಕತ್ತಲೆ ಬಂತು. ತಲೆ ಯಂತ್ರದ ಮೇಲೆ ಬಿತ್ತು, ಕಾಲು ಪೆಡಲಿನ ಮೇಲೆ ಹಾಗೇ ಉಳಿಯಿತು, ಸೂಜಿ ತೋರುಬೆರಳಿನ ಉಗುರು ತೂರಿ ಆಚೆ ಬಂತು. ಯಾರೋ ಕೂಗಿದ್ದು ಕೇಳಿ ಸೌಟಕ್ಕ ಸೌಟು ಹಿಡಿದುಕೊಂಡೇ ಓಡಿದ್ದಳು. ಪುಟ್ಟಿಗೆ ಎಚ್ಚರ ಬಂದಾಗ ಮೊದಲು ಕೇಳಿದ್ದು ಬೆರಳಿನ ಬಗ್ಗೆ ಅಲ್ಲ, ಬಟ್ಟೆಗೆ ರಕ್ತ ಹತ್ತಿತೇ ಅಂತ. ಅವತ್ತೂ ಹೀಗೇ ಸೌಟಕ್ಕನ ಎದೆ ಬಡಿದುಕೊಂಡಿತ್ತು, ಆದರೆ ಅದು ಬೇರೆ ಬಡಿತ.

ಒಲೆ ಹಚ್ಚಿ ಬಾಣಲೆ ಏರಿಸಿದಳು. ಏರಿಸಿದಳು ಎಂದರೆ ಸುಲಭವಾಗಿ ಕೇಳಿಸುತ್ತದೆ. ಆ ಕಬ್ಬಿಣದ ಬಾಣಲೆಯನ್ನು ಎತ್ತಲು ಎರಡು ಕೈ, ಒಂದು ಮಂಡಿ ಮತ್ತು ಒಂದಿಷ್ಟು ಬೈಗುಳ ಬೇಕು. ಒಳಗೆ ಕೂರಿಸಿ ಇಬ್ಬರು ಮಕ್ಕಳಿಗೆ ಸ್ನಾನ ಮಾಡಿಸಬಹುದು, ಅಷ್ಟು ಅಗಲ. ಅವಳು ಕೆಲಸಕ್ಕೆ ಸೇರಿದಾಗಲೇ ಅದು ಮುದಿಯಾಗಿತ್ತು, ಹೊರಗೆಲ್ಲ ಮಸಿ, ಒಳಗೆ ಎಣ್ಣೆ ಕುಡಿದು ಕುಡಿದು ಮಿರಮಿರ ಕಪ್ಪು. ಅಡುಗೆಮನೆಯಲ್ಲಿ ತನಗಿಂತ ಮೊದಲೇ ಬೇರೂರಿದ ಅತ್ತೆಯ ಹಾಗೆ ಅದು ಕೂತಿತ್ತು, ಸೌಟಕ್ಕ ಅದಕ್ಕೆ ಹೊಂದಿಕೊಂಡಿದ್ದಳು. ಆ ದಿನ ಬಾರದಿದ್ದರೆ ಇಂದಿಗೂ ಹೊಂದಿಕೊಂಡೇ ಇರುತ್ತಿದ್ದಳು. ಎರಡು ವರ್ಷದ ಹಿಂದೆ ಕೊಡೆ ಕೊಳ್ಳುವವರು ಕಾರ್ಖಾನೆ ನೋಡಲು ಬಂದಿದ್ದರು, ಯಜಮಾನರು ಕೈ ಕಟ್ಟಿಕೊಂಡು ಹಿಂದೆ ಮುಂದೆ ಸುತ್ತುತ್ತಿದ್ದರು, ಅವರಲ್ಲೊಬ್ಬಳು ಬಿಳಿ ಅಂಗಿಯವಳು ಅಡುಗೆಮನೆಯೊಳಗೂ ಕಾಲಿಟ್ಟಳು. ಸೌಟಕ್ಕ ತಲೆಗೂದಲು ಸರಿಮಾಡಿಕೊಂಡು ನಿಂತಿದ್ದಳು, ಏನಾದರೂ ಕೇಳಿದರೆ ಹೇಳೋಣವೆಂದು ಬಾಯಲ್ಲೇ ಉತ್ತರ ಜೋಡಿಸಿಟ್ಟುಕೊಂಡಿದ್ದಳು. ಬಿಳಿ ಅಂಗಿಯವಳು ಏನೂ ಕೇಳಲಿಲ್ಲ. ಬಾಣಲೆಯ ಅಂಚನ್ನು ಒಂದು ಬೆರಳಿನಿಂದ ಮುಟ್ಟಿದಳು, ಬೆರಳನ್ನು ನೋಡಿಕೊಂಡಳು, ಕೈಚೀಲದಿಂದ ಕರವಸ್ತ್ರ ತೆಗೆದು ಒರೆಸಿಕೊಂಡಳು. ಅಷ್ಟೇ. ಮುಖ ಕೂಡ ಸಿಂಡರಿಸಲಿಲ್ಲ, ಸಿಂಡರಿಸಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಹಗುರಾಗಬಹುದಿತ್ತು. ಒರೆಸಿಕೊಂಡ ಕರವಸ್ತ್ರವನ್ನು ಅವಳು ಚೀಲಕ್ಕೆ ಹಾಕಿಕೊಳ್ಳದೆ, ಎಲ್ಲಿಡಬೇಕೋ ತಿಳಿಯದೆ, ಎರಡು ಬೆರಳಲ್ಲಿ ಹಿಡಿದುಕೊಂಡೇ ಹೊರಟಳು. ಸೌಟಕ್ಕನಿಗೆ ಆ ಕರವಸ್ತ್ರದಲ್ಲಿ ತನ್ನನ್ನೇ ಒರೆಸಿ ಹಿಡಿದಂತಾಯಿತು.

ಮರುದಿನ ಸೌಟಕ್ಕ ಹೋಗಿ ಬಾಣಲೆ ಬಿರುಕು ಬಿಟ್ಟಿದೆ ಎಂದಳು. ಮೇಲ್ವಿಚಾರಕನ ಮುಂದೆ ನಿಂತು, ನೆಟ್ಟಗೆ ಅವನ ಮುಖ ನೋಡುತ್ತ. ಹೆಂಗಸರು ಅವನನ್ನು ಗಡಿಯಾರ ಎನ್ನುತ್ತಿದ್ದರು, ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುತ್ತಿದ್ದ ಕಾರಣ. ಅವನಿಗೆ ಬಂದು ನೋಡುವಷ್ಟು ಪುರುಸೊತ್ತಿರಲಿಲ್ಲ. ವಾರದೊಳಗೆ ಸ್ಟೀಲಿನ ದೊಡ್ಡ ಪಾತ್ರೆ ಬಂತು. ಅದರ ಹೊಟ್ಟೆಯಲ್ಲಿ ಮುಖ ಕಾಣುತ್ತಿತ್ತು. ಸೌಟಕ್ಕ ಅದನ್ನು ದಿನಕ್ಕೆ ಎರಡು ಸಲ ತಿಕ್ಕುತ್ತಿದ್ದಳು, ಬಡಿಸುವ ಕಿಂಡಿಗೆ ಕಾಣುವಂತೆ ತಿರುಗಿಸಿಡುತ್ತಿದ್ದಳು, ಇನ್ನೊಮ್ಮೆ ಬಿಳಿ ಅಂಗಿಯವಳು ಬರಲಿ, ಮುಟ್ಟಲಿ, ಬೆರಳು ನೋಡಿಕೊಳ್ಳಲಿ ಎಂದು ಕಾಯುತ್ತಿದ್ದಳು. ಅವಳು ಬರಲೇ ಇಲ್ಲ. ಬಿರುಕು ಬಿಡದ ಬಾಣಲೆ ಹಿಂದಿನ ಷೆಡ್ಡಿಗೆ ಹೋಗಿ ಮುರಿದ ಕೊಡೆಕಡ್ಡಿಗಳನ್ನು ಹೊಟ್ಟೆ ತುಂಬಾ ಹಾಕಿಕೊಂಡು ಮಳೆಗೆ ಬಿಸಿಲಿಗೆ ಬಿದ್ದಿತ್ತು.

ಈಗ ಮತ್ತೆ ಒಲೆಯೇರಿದ ಅದೇ ಬಾಣಲೆಯಲ್ಲಿ ನೀರು ಕುದಿಯಲು ಶುರುವಾಯಿತು, ನೆನೆಸಿದ ಕಾಳು ಸುರಿದಳು, ಹಬೆ ಮುಖಕ್ಕೆ ಹೊಡೆಯಿತು. ಒಂದು ಕ್ಷಣ ಕಣ್ಣ ಮುಂದೆ ಕಪ್ಪು ಚುಕ್ಕಿಗಳು ಕುಣಿದವು. ಛೆ, ಈ ವಯಸ್ಸಿಗೆ ಇಷ್ಟು ಆತುರವೇ ಎಂದು ತನ್ನನ್ನೇ ಗದರಿಸಿಕೊಂಡು ಗೋಡೆ ಹಿಡಿದು ನಿಂತಳು. ಮೂರು ತಿಂಗಳ ಹಿಂದೆ ಇದೇ ಗೋಡೆ ಹಿಡಿದು ನಿಂತಿದ್ದಾಗ ನರ್ಸಮ್ಮ ಒಳಗೆ ಬಂದಿದ್ದಳು. ಅವತ್ತು ಅರವತ್ತರಲ್ಲಿ ನಲವತ್ತು ಜನಕ್ಕೆ ರಕ್ತ ಕಡಿಮೆ ಬಂದಿತ್ತು. ಪುಟ್ಟಿಯದು ಒಂಬತ್ತೂ ಇರಲಿಲ್ಲ. ಮಾತ್ರೆ ಕೊಟ್ಟರೆ ಅವಳಿಗೆ ಹೊಟ್ಟೆ ತೊಳೆಸಿ ವಾಂತಿ. ಮೂರು ಬಗೆ ಬದಲಾಯಿಸಿ ನೋಡಿಯಾಗಿತ್ತು. ನರ್ಸಮ್ಮ ಒಂದು ಗಡುವು ಹಾಕಿದ್ದಳು: ಮೂರು ತಿಂಗಳು ಊಟದಲ್ಲೇ ಸರಿಮಾಡಿ ನೋಡೋಣ, ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಸೂಜಿ ಮೂಲಕವೇ ಔಷಧಿ ಹಾಕಿಸಿಕೊಳ್ಳಬೇಕು, ಆಗ ಕುಂಯ್ ಅನ್ನುವ ಹಾಗಿಲ್ಲ. ಅಷ್ಟು ಹೇಳಿ ಅವಳು ಅಡುಗೆಮನೆಗೆ ಬಂದು ಅದೂ ಇದೂ ಮುಟ್ಟಿ ನೋಡಿ ಕೇಳಿದ್ದಳು: "ಎರಡು ವರ್ಷದ ಹಿಂದಿನ ಪಟ್ಟಿ ನೋಡಿದೆ ಸೌಟಕ್ಕ. ಆಗ ಇಷ್ಟು ಕಡಿಮೆ ಇರಲಿಲ್ಲ ಯಾರಿಗೂ. ಅಡುಗೇಲಿ ಏನಾದ್ರೂ ಬದಲಾಯ್ತಾ? ಕಬ್ಬಿಣದ ಪಾತ್ರೆ ಗಿತ್ರೆ ಇತ್ತಾ ಮೊದಲು? ಅದರಿಂದ್ಲೂ ಒಂದಿಷ್ಟು ಕಬ್ಬಿಣದ ಅಂಶ ಊಟಕ್ಕೆ ಇಳಿಯತ್ತೆ."

"ಇಲ್ಲಪ್ಪ, ಯಾವಾಗ್ಲೂ ಸ್ಟೀಲೇ," ಎಂದಿದ್ದಳು ಸೌಟಕ್ಕ.

ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಳೋ. ನಾಲಿಗೆ ತಾನಾಗಿ ಹೊರಳಿತ್ತು. ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು, ತೋರುಬೆರಳಿನ ಉಗುರು ಸೊಟ್ಟಗೆ ಬೆಳೆದಿದ್ದ ಕೈಯಿಂದ ಬಾಗಿಲು ಹಿಡಿದುಕೊಂಡು. ಒಳಗೆ ಏನು ಬೇಯುತ್ತದೆ ಎನ್ನುವುದನ್ನು ಬಿಟ್ಟು ಯಾವುದರಲ್ಲಿ ಬೇಯುತ್ತದೆ ಎಂದು ಊಟ ಮಾಡುವವರು ಯಾರು ನೋಡುತ್ತಾರೆ? ಅವಳು ನೋಡಿರಲಿಲ್ಲ. ಅಕ್ಕನ ಮಾತೆಂದರೆ ಮಾತು ಎನ್ನುವ ಹಾಗೆ ತಲೆಯಾಡಿಸಿದ್ದಳು. ಆ ತಲೆಯಾಡಿಸಿದ್ದು ಸೌಟಕ್ಕನಿಗೆ ಈಗಲೂ ಮೈ ಉರಿಸುತ್ತಿತ್ತು. ನನ್ನ ಜಂಭಕ್ಕೆ ನನ್ನ ತಂಗಿಯ ಬೆರಳು ಹೋಯಿತು ಎಂದು ಅವಳು ಸೊಪ್ಪು ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಹಲ್ಲುಜ್ಜುವಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನೆಯಲ್ಲಿರುವುದೇ ಇಬ್ಬರು, ಒಂದು ಕೋಣೆ, ಎರಡು ಹಾಸಿಗೆ. ಎದುರಿಗೇ ಕೂತವಳಿಗೆ ಹೇಳಲಾಗದ್ದನ್ನು ಹಲ್ಲುಜ್ಜುವ ಕನ್ನಡಿಗೆ ಹೇಳಿ ಏನು ಪ್ರಯೋಜನ?

ಆದರೆ ಅವತ್ತು ಸಂಜೆಯೇ ಅವಳು ಷೆಡ್ಡಿಗೆ ಹೋಗಿದ್ದಳು, ಅದನ್ನಂತೂ ಯಾರೂ ಇಲ್ಲವೆನ್ನುವಂತಿಲ್ಲ. ಕೊಡೆಕಡ್ಡಿ ಸುರಿದು, ಬಾಣಲೆಯನ್ನು ಉರುಳಿಸಿಕೊಂಡು ಬಂದು, ನಾಲ್ಕು ದಿನ ಮರಳು ಹಾಕಿ ತುಕ್ಕು ತಿಕ್ಕಿದಳು. ಉಗುರಿನ ಸಂದಿಯಲ್ಲಿ ಕೆಂಪು ಧೂಳು ವಾರಗಟ್ಟಲೆ ಹೋಗಲಿಲ್ಲ. ಎಣ್ಣೆ ಸವರಿ ಕಾಯಿಸಿ, ಆರಿಸಿ, ಮತ್ತೆ ಸವರಿ ಕಾಯಿಸಿ, ಐದನೆಯ ದಿನ ಆ ಹಳೆಯ ಮಿರಮಿರ ಕಪ್ಪು ವಾಪಸು ಬಂದಾಗ ಅವಳಿಗೆ ಕುಣಿಯಬೇಕೆನ್ನಿಸಿತು. ಅಲ್ಲಿಂದ ಶುರುವಾಯಿತು ನೋಡಿ ಅವಳ ದರ್ಬಾರು. ನರ್ಸಮ್ಮ ಕೊಟ್ಟ ಚೀಟಿಯನ್ನು ಗೋಡೆಗೆ ಅಂಟಿಸಿದಳು. ದಿನಾ ಸೊಪ್ಪು, ದಿನಾ ಕಾಳು. ಬಡಿಸುವಾಗ ಪ್ರತಿ ತಟ್ಟೆಗೂ ಅರ್ಧ ಹೋಳು ನಿಂಬೆ, ಏಕೆಂದರೆ ಹುಳಿ ಇದ್ದರೇ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು. ಊಟದ ಜೊತೆಗಿದ್ದ ಟೀ ನಾಲ್ಕು ಗಂಟೆಗೆ ಹೋಯಿತು, ಏಕೆಂದರೆ ಟೀ ಬಂದು ಆ ಕಬ್ಬಿಣಕ್ಕೆ ಅಡ್ಡಗಾಲು ಹಾಕುತ್ತದೆ. ಟೀ ವಿಷಯಕ್ಕೆ ಹೆಂಗಸರು ದಂಗೆ ಎದ್ದರು. ಕಡ್ಡಿ ಕಟ್ಟುವ ಬೆಂಚಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದವಳು, ಕಿಂಡಿಯೊಳಗೆ ತಲೆ ಹಾಕಿ ಕೂಗಿದ್ದಳು: "ಗಂಡನ್ನ ಬಿಡು ಅಂದಿದ್ರೆ ಬಿಡ್ತಿದ್ದೆ ಕಣೇ, ಊಟದ ಮೇಲಿನ ಟೀ ಬಿಡು ಅಂತೀಯಲ್ಲ!" ಸೌಟಕ್ಕ ಜಗ್ಗಲಿಲ್ಲ. ಊಟದ ಸಾಲಿನ ಆಚೆ ಈಚೆ ಓಡಾಡುತ್ತ ಯಾರು ನಿಂಬೆ ಹಿಂಡಲಿಲ್ಲ, ಯಾರು ಸೊಪ್ಪನ್ನು ತಟ್ಟೆಯಂಚಿಗೆ ತಳ್ಳಿದರು ಎಂದು ಪೊಲೀಸರ ಹಾಗೆ ನೋಡಿದಳು. ಕೊನೆಗೆ ಅವರು ಸೋತು ತೆಪ್ಪಗಾದರು. ಅಷ್ಟೇ ಅಲ್ಲ, ಒಂದು ತಿಂಗಳಾದ ಮೇಲೆ ಅವರ ಮುಖದಲ್ಲಿ ಏನೋ ಬಂದಿದೆ ಎಂದು ಅವಳಿಗೆ ಅನ್ನಿಸತೊಡಗಿತು. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದವರು ನಿಲ್ಲದೆ ಹತ್ತುತ್ತಿದ್ದರು. ಸಂಜೆಯ ಹೊತ್ತಿಗೂ ಹೊಲಿಯುವ ಕೋಣೆಯಲ್ಲಿ ನಗು ಕೇಳುತ್ತಿತ್ತು. ಅದು ನಿಜವೋ ತನ್ನ ಆಸೆಯೋ? ಅವಳು ಕಿಂಡಿಯಲ್ಲಿ ನಿಂತು ಅರವತ್ತು ಜನರ ಕೆಳ ಕಣ್ಣುರೆಪ್ಪೆಗಳಲ್ಲಿ ಕೆಂಪು ಏರಿದೆಯೇ ಎಂದು ಕದ್ದು ಕದ್ದು ನೋಡುತ್ತಿದ್ದಳು.

ತಾನು ಮಾತ್ರ ಉಣ್ಣುತ್ತಿರಲಿಲ್ಲ. ಯಾರೂ ಹೇರಿದ ಶಿಕ್ಷೆಯಲ್ಲ, ಅವಳೇ ವಿಧಿಸಿಕೊಂಡದ್ದು. ಬಾಣಲೆಯನ್ನು ಮೊದಲ ದಿನ ಒಲೆಗೇರಿಸಿದಾಗ, ಪುಟ್ಟಿಗೆ ಹನ್ನೊಂದು ಬರುವವರೆಗೆ ಇದರೊಳಗಿನದು ಒಂದಗುಳೂ ನನ್ನ ನಾಲಿಗೆಗೆ ಸೇರಕೂಡದು ಎಂದು ಶಪಥ ಮಾಡಿದ್ದಳು. ರುಚಿ ನೋಡಲೂ ಇಲ್ಲ. ಅಡುಗೆ ಮಾಡುವವಳಿಗೆ ಕೈಯಳತೆ ಸಾಲದೇ, ಮೂಗು ಸಾಲದೇ? ಎಲ್ಲರೂ ಉಂಡೆದ್ದ ಮೇಲೆ ಅವಳು ಒಲೆಯ ಪಕ್ಕ ನಿಂತು ಎರಡು ಚೂರು ಬ್ರೆಡ್ಡನ್ನು ಕಡು ಟೀಯಲ್ಲಿ ಅದ್ದಿ ತಿನ್ನುತ್ತಿದ್ದಳು, ಮನೆಯಲ್ಲೂ ಹೊಟ್ಟೆ ತುಂಬಿದೆ ಎನ್ನುತ್ತಿದ್ದಳು. ಅದರಲ್ಲೊಂದು ಹಿತವೂ ಇತ್ತು. ತಪ್ಪಿಗೆ ಕಂತು ಕಟ್ಟುತ್ತಿದ್ದೇನೆ ಎನ್ನುವಂಥ ಹಿತ. ಅದನ್ನು ಯಾರಿಗೂ ಹೇಳದೆ ಒಳಗೊಳಗೇ ಚಪ್ಪರಿಸುತ್ತಿದ್ದಳು.

"ಅಕ್ಕಾ, ಏನೇ ಇದು, ಒಬ್ಬಳೇ ನಗ್ತಿದೀಯ?"

ಪುಟ್ಟಿ ಕಿಂಡಿಯ ಆಚೆ ತಟ್ಟೆ ಹಿಡಿದು ನಿಂತಿದ್ದಳು. ಹನ್ನೆರಡೂವರೆ ಆಗಿಹೋಗಿತ್ತು, ಹಿಂದೆ ಸಾಲು ಹನುಮನ ಬಾಲ. ಸೌಟಕ್ಕ ಗಡಬಡಿಸಿ ಬಡಿಸಿದಳು, ಒಂದು ಸೌಟು, ಇನ್ನೊಂದು, ಮತ್ತೊಂದು.

"ಸಾಕು ಮಾರಾಯ್ತಿ, ನಾನೇನು ಹಸುವಾ?"

"ತಿನ್ನು. ಇವತ್ತು ಕೊನೇ ದಿನ."

"ಇವತ್ತು ತಿಂದಿದ್ದು ಇವತ್ತೇ ರಕ್ತ ಆಗತ್ತಾ? ಎರಡು ಗಂಟೆಗೆ ಚುಚ್ಚೋದು."

"ಆಗತ್ತೋ ಬಿಡತ್ತೋ, ನಿಂಬೆ ಹಿಂಡ್ಕೋ."

ಪುಟ್ಟಿ ನಿಂಬೆ ಹಿಂಡಿದಳು, ಹೋಗಲಿಲ್ಲ. ದನಿ ತಗ್ಗಿಸಿದಳು. "ಅಕ್ಕ, ಬರದೇ ಇದ್ರೆ?"

"ಬರತ್ತೆ."

"ಬರದೇ ಇದ್ರೂ ನೀನು ಬೇಜಾರು ಮಾಡ್ಕೋಬೇಡ. ನೀನು ಮಾಡೋದೆಲ್ಲ ಮಾಡಿದೀಯ. ನನ್ನ ಮೈಯೇ ಸರಿ ಇಲ್ಲ." ಅಷ್ಟು ಹೇಳಿ ಅವಳು ತಟ್ಟೆ ಎತ್ತಿಕೊಂಡು ಹೋದಳು.

ನನ್ನ ಮೈಯೇ ಸರಿ ಇಲ್ಲ! ಒಂದು ವರ್ಷದಿಂದ ಇವಳು ಹಾಗೆ ತಿಳಿದುಕೊಂಡಿದ್ದಾಳೆ, ತನ್ನ ರಕ್ತದ್ದೇ ತಪ್ಪು, ತನ್ನ ಮೈಯದೇ ಸೋಮಾರಿತನ ಎಂದು. ಸೌಟಕ್ಕ ತಟ್ಟೆ ನೋಡದೆ ಸುರಿದ ಅರ್ಧ ಸೌಟು ಕಿಂಡಿಯ ಕಟ್ಟೆಯ ಮೇಲೆ ಚೆಲ್ಲಿತು. ಮುಂದೆ ನಿಂತಿದ್ದವಳು "ನಿಧಾನ, ನಿಧಾನ" ಎಂದಳು.

ನರ್ಸಮ್ಮ ಎರಡಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ಊಟದ ಮೇಜಿನ ಮೇಲೆ ಯಂತ್ರ, ಹತ್ತಿ, ಚುಚ್ಚುವ ಸೂಜಿಗಳ ಡಬ್ಬಿ, ಎದುರಿಗೆ ಒಂದು ಸ್ಟೂಲು. ಗಡಿಯಾರ ಪಕ್ಕದಲ್ಲಿ ಪಟ್ಟಿ ಹಿಡಿದು ನಿಂತ, ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಎಂದು ಘೋಷಿಸಿದ. ಮೊದಲು ಕೂತವಳು ದೊಡ್ಡಮ್ಮ. ಸೌಟಕ್ಕ ಕಿಂಡಿಯಿಂದ ಅರ್ಧ ಮೈ ಹೊರಗೆ ಹಾಕಿ ಉಸಿರು ಬಿಗಿಹಿಡಿದಳು. ಯಂತ್ರ ಯೋಚನೆ ಮಾಡಿತು, ಎಷ್ಟೋ ಹೊತ್ತು ಮಾಡಿತು, ಕೀಂ ಎಂದಿತು.

"ಹನ್ನೆರಡು ಪಾಯಿಂಟ್ ಒಂದು," ಎಂದಳು ನರ್ಸಮ್ಮ. ಹಳೆಯ ಪಟ್ಟಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. "ಹೋದ ಸಲ ಹತ್ತೂವರೆ ಇತ್ತಲ್ಲ ನಿಮಗೆ!"

"ಟೀ ಬಿಟ್ಟ ಪುಣ್ಯ," ಎಂದು ದೊಡ್ಡಮ್ಮ ಎದ್ದು ಎರಡೂ ಕೈ ಎತ್ತಿ ತೋರಿಸಿದಳು, ಚುನಾವಣೆ ಗೆದ್ದವಳ ಹಾಗೆ. ಇಡೀ ಊಟದ ಹಾಲ್ ಹೋ ಎಂದಿತು.

ಆಮೇಲೆ ತಡೆಯುವವರೇ ಇರಲಿಲ್ಲ. ಹನ್ನೊಂದೂವರೆ. ಹನ್ನೆರಡು. ಹತ್ತು ಪಾಯಿಂಟ್ ಒಂಬತ್ತು, ಹೋದ ಸಲ ಒಂಬತ್ತೂವರೆ. ಒಬ್ಬಿಬ್ಬರದು ಇದ್ದಲ್ಲೇ ಇತ್ತು, ಅವರಿಗೆ ನರ್ಸಮ್ಮ ಡಾಕ್ಟರ ಚೀಟಿ ಬರೆದಳು. ಉಳಿದವರದು ಮೇಲೆ, ಮೇಲೆ. ಪ್ರತಿ ಅಂಕಿಗೂ ಹೆಂಗಸರು ಚಪ್ಪಾಳೆ ಹೊಡೆಯತೊಡಗಿದರು. ಗಡಿಯಾರ ಮಣಿಕಟ್ಟು ನೋಡಿಕೊಳ್ಳುವುದನ್ನು ಮರೆತು ಅಂಕಿಗಳನ್ನು ತಾನೇ ಕೂಗಿ ಹೇಳತೊಡಗಿದ. ಸೌಟಕ್ಕನಿಗೆ ಎದೆ ಬಾಯಿಗೆ ಬಂದಿತ್ತು. ಕಿಂಡಿಯಲ್ಲಿ ನಿಲ್ಲಲಾರದೆ ಅಡುಗೆಮನೆಯ ಬಾಗಿಲಿಗೆ ಬಂದಳು, ಬಾಗಿಲಿಂದ ಕಂಬಕ್ಕೆ, ಕಂಬದಿಂದ ಮೇಜಿನ ಹತ್ತಿರಕ್ಕೆ. ಪುಟ್ಟಿ ಸ್ಟೂಲಿನ ಮೇಲೆ ಕೂತು ಸೊಟ್ಟ ಉಗುರಿನ ಬೆರಳನ್ನೇ ಮುಂದೆ ಚಾಚಿದಳು. ನರ್ಸಮ್ಮ ಅದನ್ನು ಪಕ್ಕಕ್ಕೆ ಸರಿಸಿ ಉಂಗುರ ಬೆರಳು ಹಿಡಿದಳು. ಒಂದು ಹನಿ ಎದ್ದು ನಿಂತಿತು, ದುಂಡಗೆ, ಗಾಢ ಕೆಂಪಗೆ. ಚಪ್ಪಾಳೆ ಹೊಡೆಯುತ್ತಿದ್ದವರೆಲ್ಲ ಕತ್ತು ಚಾಚಿ ಮೇಜಿನ ಸುತ್ತ ಮುತ್ತಿಕೊಂಡರು. ಈ ಹನಿಯ ಮೇಲೆ ಏನು ನಿಂತಿದೆ ಎಂದು ಎಲ್ಲರಿಗೂ ಗೊತ್ತಿತ್ತು.

"ಹನ್ನೊಂದು," ಎಂದಳು ನರ್ಸಮ್ಮ. "ಹನ್ನೊಂದು ಪಾಯಿಂಟ್ ಮೂರು."

ಯಾರು ಕಿರುಚಿದರೋ ತಿಳಿಯದು. ಪುಟ್ಟಿ ಎದ್ದವಳೇ ಅಕ್ಕನನ್ನು ತಬ್ಬಿ, ಎತ್ತಲು ನೋಡಿ, ಎತ್ತಿಯೇ ಬಿಟ್ಟಳು. "ನಮ್ಮಕ್ಕ! ನಮ್ಮಕ್ಕ ಕಣ್ರೇ!" ಎಂದು ಸುತ್ತ ತಿರುಗಿಸಿದಳು. ಸೌಟಕ್ಕನ ಕಾಲು ನೆಲ ಬಿಟ್ಟಿತ್ತು, ಅರವತ್ತು ಮುಖಗಳು ಒಂದರೊಳಗೊಂದು ಕಲಸಿಕೊಂಡು ಸುತ್ತುತ್ತಿದ್ದವು. ಇಂಥ ಸುಖ ತನಗೆ ಬಂದೀತೆಂದು ಅವಳು ಎಂದೂ ಅಂದುಕೊಂಡಿರಲಿಲ್ಲ. ಇಷ್ಟೇ ಸಾಕು, ಇಲ್ಲಿಗೇ ಮುಗಿಯಲಿ, ಇನ್ನು ಯಾರೂ ಏನೂ ಕೇಳದಿರಲಿ.

ನರ್ಸಮ್ಮ ಕೇಳಿದಳು. ಪೆನ್ನು ಬಿಚ್ಚಿ ಹಾಳೆ ತಿರುಗಿಸಿ, ನಗುತ್ತಲೇ: "ಸೌಟಕ್ಕ, ಏನು ಮಾಡಿದ್ರಿ ಅಂತ ಒಂದೊಂದಾಗಿ ಹೇಳಿ. ಇನ್ನೂ ನಾಲ್ಕು ಕಾರ್ಖಾನೆ ನೋಡ್ಕೋತೀನಿ ನಾನು. ಅಲ್ಲೂ ಹೆಂಗಸರು ದಿನಾ ತಲೆ ಸುತ್ತಿ ಬೀಳ್ತಿದಾರೆ. ಅಲ್ಲಿ ಅಡುಗೆಯವರಿಗೂ ಇದನ್ನೇ ಬರ್ದು ಕೊಡ್ತೀನಿ."

"ಸೊಪ್ಪು," ಎಂದಳು ಸೌಟಕ್ಕ. "ಕಾಳು. ನಿಂಬೆ. ಟೀ ನಾಲ್ಕು ಗಂಟೆಗೆ." ನರ್ಸಮ್ಮ ಬರೆದುಕೊಂಡಳು. "ಅಷ್ಟೇನಾ?"

ಅಷ್ಟೇ ಎಂದರೆ ಮುಗಿಯುತ್ತಿತ್ತು. ಪುಟ್ಟಿಯ ಕೈ ಇನ್ನೂ ಅವಳ ಹೆಗಲ ಮೇಲಿತ್ತು, ಬೆಚ್ಚಗೆ. ಆ ನಾಲ್ಕು ಕಾರ್ಖಾನೆಗಳಲ್ಲಿ ಯಾವಳೋ ತನ್ನಂಥವಳು ಫಳಫಳ ಹೊಳೆಯುವ ಸ್ಟೀಲಿನಲ್ಲಿ ಸೊಪ್ಪು ಬೇಯಿಸಿ, ಇಷ್ಟೆಲ್ಲ ಮಾಡಿದರೂ ಯಾಕೆ ಏರುತ್ತಿಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಾಳೆ. ಇನ್ಯಾವಳೋ, ನನ್ನ ಮೈಯೇ ಸರಿ ಇಲ್ಲ ಎಂದುಕೊಂಡು ಮಡಿಸುವ ಬೆಂಚಿಗೆ ಹೋಗಿ ಕೂರುತ್ತಾಳೆ. ಸೌಟಕ್ಕ ಹೆಗಲಿನಿಂದ ತಂಗಿಯ ಕೈಯನ್ನು ಮೆಲ್ಲಗೆ ಇಳಿಸಿದಳು.

"ಬಾಣಲೆ," ಎಂದಳು. "ಕಬ್ಬಿಣದ್ದು. ಮೊದಲು ಅದೇ ಇತ್ತು. ನಾನೇ ಅದನ್ನ ಹೊರಗೆ ಹಾಕಿದ್ದು. ಬಿರುಕು ಬಿಟ್ಟಿದೆ ಅಂತ ಸುಳ್ಳು ಹೇಳ್ದೆ. ಬಿರುಕು ಬಿಟ್ಟಿರಲಿಲ್ಲ. ಅವತ್ತು ಬಂದಿದ್ಲಲ್ಲ ಒಬ್ಬಳು, ಮುಟ್ಟಿ ಕೈ ಒರೆಸ್ಕೊಂಡ್ಲು, ನನಗೆ ನಾಚಿಕೆ ಆಯ್ತು. ಅದಕ್ಕೇ. ಆಮೇಲೆ ನೀವು ಕೇಳಿದಾಗ ಯಾವಾಗ್ಲೂ ಸ್ಟೀಲೇ ಅಂದೆ, ಅದೂ ಸುಳ್ಳು. ಈಗ ಮೂರು ತಿಂಗಳಿಂದ ಮತ್ತೆ ಅದ್ರಲ್ಲೇ ಬೇಯಿಸ್ತಿದೀನಿ. ಬಾಣಲೆ ಅಂತಾನೂ ಬರ್ಕೊಳ್ಳಿ."

ಗಡಿಯಾರ ಪಟ್ಟಿಯಿಂದ ತಲೆ ಎತ್ತಿದ. ನರ್ಸಮ್ಮ ಬರೆದುಕೊಂಡಳು. ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಬಾಣಲೆ ಒಂದೇ ಅಲ್ಲ ಬಿಡಿ. ಎಲ್ಲಾ ಸೇರಿ ಆಗಿದ್ದು. ಆದ್ರೆ ಹೌದು, ಅದೂ ಲೆಕ್ಕಕ್ಕೆ ಬರತ್ತೆ." ಸೌಟಕ್ಕನಿಗೆ ಆ ಮಾತು ಬೇಕಿರಲಿಲ್ಲ. ಅವಳು ನೋಡುತ್ತಿದ್ದದ್ದು ಪುಟ್ಟಿಯನ್ನು. ಪುಟ್ಟಿ ತನ್ನ ಬೆರಳನ್ನು ನೋಡುತ್ತಿದ್ದಳು, ಈಗ ಚುಚ್ಚಿದ್ದನ್ನಲ್ಲ, ಇನ್ನೊಂದನ್ನು. ಆ ಸೊಟ್ಟ ಉಗುರನ್ನು ಹೆಬ್ಬೆರಳಿನಿಂದ ಸವರಿದಳು.

"ಮೂರು ತಿಂಗಳು," ಎಂದಳು. "ಗೊತ್ತಿದ್ದೂ ಮೂರು ತಿಂಗಳು ಒಂದೇ ರೂಮಲ್ಲಿ ಮಲಗಿದೀಯ ಅಕ್ಕ."

"ಹೂಂ."

"ನನ್ನ ಮೈಯೇ ಕೆಟ್ಟದ್ದು ಅಂತ ಅಳ್ತಿದ್ದೆ. ನೀನು ತಲೆ ಸವರ್ತಿದ್ದೆ."

ಸೌಟಕ್ಕ ತಂಗಿಯ ಕಡೆಗೆ ಒಂದು ಹೆಜ್ಜೆ ಇಟ್ಟಳು. ಕಿವಿಯ ಗುಂಯ್ ಸದ್ದು ಒಮ್ಮೆಲೇ ದೊಡ್ಡದಾಯಿತು, ಕಪ್ಪು ಚುಕ್ಕಿಗಳು ಗುಂಪುಕಟ್ಟಿಕೊಂಡು ಬಂದವು, ಮೇಜಿನಂಚು ಹಿಡಿದದ್ದು ಗೊತ್ತು, ಕೂತದ್ದು ಗೊತ್ತಿಲ್ಲ. ಕಣ್ಣು ಬಿಟ್ಟರೆ ಸ್ಟೂಲಿನ ಮೇಲಿದ್ದಳು, ನರ್ಸಮ್ಮ ಅವಳ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು.

"ನಿಮ್ಮದು ಯಾವಾಗ ನೋಡಿದ್ದು?"

"ನನ್ನದ್ಯಾಕೆ? ನಾನು ಪಟ್ಟಿಯಲ್ಲಿಲ್ಲ. ಅದು ಕೊಡೆ ಮಾಡೋರಿಗೆ."

"ಎದೆ ಬಡ್ಕೊಳ್ಳತ್ತಾ?"

"ಇವತ್ತು ಖುಷಿ ಜಾಸ್ತಿ ಆಗಿ..."

"ಬೆರಳು ಕೊಡಿ."

ಹನಿ ಬೇಗ ಬರಲಿಲ್ಲ, ಹಿಂಡಬೇಕಾಯಿತು. ಬಂದಾಗ ತೆಳ್ಳಗಿತ್ತು. ಯಂತ್ರ ಕೀಂ ಎಂದಿತು, ಆದರೆ ಈ ಸಲ ಗಡಿಯಾರ ಕೂಗಿ ಹೇಳಲಿಲ್ಲ. ನರ್ಸಮ್ಮನೇ ಹೇಳಿದಳು: "ಏಳೂ ಮುಕ್ಕಾಲು. ಇಡೀ ಕಾರ್ಖಾನೇಲೇ ಕಡಿಮೆ. ಏನು ತಿಂತಿದೀರಿ ನೀವು?"

ಸೌಟಕ್ಕ ತಲೆ ತಗ್ಗಿಸಿ, ಶಾಲೆಯಲ್ಲಿ ಸಿಕ್ಕಿಬಿದ್ದವಳ ಹಾಗೆ, ಬ್ರೆಡ್ಡು ಮತ್ತು ಟೀ ಎಂದಳು. ಯಾಕೆಂದು ಕೇಳಿದಾಗ ಶಪಥದ ಸಂಗತಿಯನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅದು ಎಷ್ಟು ಪೆದ್ದುತನದ್ದೆಂದು ಅವಳ ಕಿವಿಗೇ ಕೇಳಿಸಿತು. ನರ್ಸಮ್ಮ ಒಂದಿಷ್ಟು ಗದರಿ, ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಲೇಬೇಕು, ಇದು ಬರೀ ಊಟದಲ್ಲಿ ಸರಿಹೋಗುವ ಹಂತವಲ್ಲ ಎಂದು ಚೀಟಿ ಬರೆದಳು. ಪುಟ್ಟಿ ಆ ಚೀಟಿಯನ್ನು ಕಸಿದುಕೊಂಡು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡಳು. ಬಿರುಸಾಗಿ ಅಡುಗೆಮನೆಯೊಳಗೆ ಹೋದಳು. ಬಾಣಲೆಗೆ ಸೌಟು ತಗುಲಿದ ಸದ್ದು, ತಟ್ಟೆಯ ಸದ್ದು. ಹೊರಗೆ ಬಂದು ತಟ್ಟೆಯನ್ನು ಅಕ್ಕನ ಮುಂದೆ ದಡ್ ಎಂದು ಇಟ್ಟಳು. ಕಣ್ಣು ಕೆಂಪಾಗಿತ್ತು.

"ಪುಟ್ಟಿ, ನಾನು..."

"ಮಾತು ಆಮೇಲೆ. ನಿನ್ನ ಹತ್ರ ಆಡೋ ಮಾತು ಬೇಕಾದಷ್ಟಿದೆ, ಮನೇಲಿ ಆಡ್ತೀನಿ. ಮೊದಲು ಉಣ್ಣು."

ಅರವತ್ತು ಜನ ನೋಡುತ್ತಿದ್ದರು. ಮೂರು ತಿಂಗಳು ಅವಳು ಅವರ ತಟ್ಟೆಗಳನ್ನು ನೋಡಿದ ಹಾಗೆ. ಸೌಟಕ್ಕ ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು. ಮುಖ ಎತ್ತಿ ಸುತ್ತಲೂ ನೋಡಿದಳು.

"ಉಪ್ಪೇ ಇಲ್ಲ!"

ಬಾಣಲೆ ಸ್ಟೀಲಿನ ಪಾತ್ರೆಗಿಂತ ಒಂದೂವರೆಯಷ್ಟು ಹಿಡಿಯುತ್ತಿತ್ತು, ಸೊಪ್ಪು ಕಾಳು ನೀರು ಎಲ್ಲ ಒಂದೂವರೆಯಷ್ಟಾಗಿತ್ತು, ಉಪ್ಪಿನ ಹಿಡಿ ಮಾತ್ರ ಎರಡು ವರ್ಷ ಸ್ಟೀಲಿನ ಪಾತ್ರೆಗೆ ಅವಳ ಕೈ ಪಳಗಿದ ಹಳೆಯ ಹಿಡಿಯೇ. ಅದು ಈಗ ಅವಳಿಗೆ ಹೊಳೆಯಿತು.

"ಮೂರು ತಿಂಗಳಿಂದ ಹೀಗೇ ಇತ್ತಾ?"

"ಹೀಗೇ," ಎಂದಳು ದೊಡ್ಡಮ್ಮ. "ಕೆಲವು ದಿನ ಇದಕ್ಕಿಂತ ಸಪ್ಪೆ."

"ಒಬ್ಬರಾದ್ರೂ ಹೇಳಬಾರದಿತ್ತಾ?"

"ನಿನ್ನ ಮುಖ ನೋಡಿ ಯಾವಳು ಹೇಳ್ತಾಳೆ? ಟೀ ಕಿತ್ಕೊಂಡೆ. ಉಪ್ಪಿನ ಸುದ್ದಿ ಎತ್ತಿದ್ರೆ ಅದನ್ನೂ ಡಾಕ್ಟರು ಬೇಡ ಅಂದಿದಾರೆ ಅಂತ ಇಷ್ಟನ್ನೂ ಕಿತ್ಕೋತೀಯೇನೋ ಅಂತ ಸುಮ್ನಿದ್ವಿ."

ಎಲ್ಲಿಂದಲೋ ಒಂದು ನಗು ತಪ್ಪಿಸಿಕೊಂಡಿತು, ಆಮೇಲೆ ಇಡೀ ಹಾಲ್ ನಕ್ಕಿತು. ಗಡಿಯಾರ ಕೂಡ ನಕ್ಕ. ಸೌಟಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂತು. ಪುಟ್ಟಿ ಮಾತ್ರ ನಗಲಿಲ್ಲ. ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿ ಒಂದು ಕಾಗದದ ಪೊಟ್ಟಣ ತೆಗೆದಳು, ದಿನಾ ಊಟಕ್ಕೆ ಬಿಚ್ಚಿ ಮಡಿಸಿ ಮಡಿಕೆ ಮಡಿಕೆಯಲ್ಲೂ ಹಳತಾದದ್ದು. ಬಿಚ್ಚಿ, ಸೊಟ್ಟ ಉಗುರಿನ ಬೆರಳಿಂದಲೇ ಒಂದು ಚಿಟಿಕೆ ಉಪ್ಪು ತೆಗೆದು ಅಕ್ಕನ ತಟ್ಟೆಯ ಮೇಲೆ ಉದುರಿಸಿದಳು.

"ಕಲಸ್ಕೋ," ಎಂದಳು.

ಸೌಟಕ್ಕ ಕಲಸಿಕೊಂಡು ಎರಡನೆಯ ತುತ್ತು ಬಾಯಿಗಿಟ್ಟಳು.